ಎಂ82 ಸ್ಫೋಟಿಸುತ್ತಿಲ್ಲ: ಒಂದು ಚಿತ್ರದ ಅಡಿಬರಹದ ಕುರಿತು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಇತ್ತೀಚೆಗೆ ಎಂ82 ಗೆಲಾಕ್ಸಿಯ ಬಣ್ಣದ ಚಿತ್ರವೊಂದು ಪ್ರಕಟವಾಗಿತ್ತು. ಅಡ್ಡಲಾಗಿ ಮಲಗಿದ ಬೆಳ್ಳನೆಯ ಪಟ್ಟಿ, ಅದರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಚಿಮ್ಮುವ ಕೆಂಪು ಮತ್ತು ನೀಲಿ ಹೊಗೆಯಂಥ ಎಳೆಗಳು. ಅಷ್ಟು ದೊಡ್ಡದಾಗಿ, ಅಷ್ಟು ಅಚ್ಚುಕಟ್ಟಾಗಿ ಅದನ್ನು ಮುದ್ರಿಸಿದ್ದಕ್ಕೆ ಮೊದಲು ನನ್ನ ಕೃತಜ್ಞತೆಗಳು. ಆದರೆ ಚಿತ್ರದ ಕೆಳಗೆ ‘ನಕ್ಷತ್ರಗಳು ಸ್ಫೋಟಿಸುತ್ತಿರುವ ಗೆಲಾಕ್ಸಿ’ ಎಂದು ಬರೆದಿದ್ದುದನ್ನು ಓದಿ ಈ ಪತ್ರ ಬರೆಯಲೇಬೇಕೆನಿಸಿತು. ಇಂಗ್ಲಿಷಿನ ‘ಸ್ಟಾರ್‌ಬರ್ಸ್ಟ್’ ಎಂಬ ಪದವನ್ನು ಎರಡಾಗಿ ಒಡೆದು, ಒಂದೊಂದನ್ನೂ ಬೇರೆಬೇರೆಯಾಗಿ ಕನ್ನಡಕ್ಕೆ ತಂದದ್ದರಿಂದ ಈ ತಪ್ಪು ಆಗಿರಬೇಕು. ಇದು ತಮ್ಮ ಪತ್ರಿಕೆಯೊಂದರಲ್ಲೇ ಆಗಿರುವ ತಪ್ಪಲ್ಲ. ಕನ್ನಡದಲ್ಲಿ ಈ ಬಗೆಯ ಗೆಲಾಕ್ಸಿಗಳ ವಿಷಯ ಬಂದಾಗಲೆಲ್ಲ ಇದೇ ಅರ್ಥ ಮರುಕಳಿಸುವುದನ್ನು ನಾನು ಕಂಡಿದ್ದೇನೆ.

ಆ ಪದದಲ್ಲಿರುವ ‘ಬರ್ಸ್ಟ್’ ನಕ್ಷತ್ರಗಳ ಸಾವನ್ನು ಹೇಳುವುದಿಲ್ಲ, ಹುಟ್ಟನ್ನು ಹೇಳುತ್ತದೆ. ಒಂದು ಗೆಲಾಕ್ಸಿ ತನ್ನ ಅನಿಲವನ್ನು ನಿಧಾನವಾಗಿ, ನೂರಾರು ಕೋಟಿ ವರ್ಷಗಳ ಕಾಲ ಖರ್ಚು ಮಾಡುತ್ತ ನಕ್ಷತ್ರಗಳನ್ನು ರೂಪಿಸಬಲ್ಲದು. ನಮ್ಮ ಆಕಾಶಗಂಗೆ ಮಾಡುತ್ತಿರುವುದು ಅದನ್ನೇ. ಕೆಲವು ಗೆಲಾಕ್ಸಿಗಳಲ್ಲಾದರೋ, ಪಕ್ಕದ ಗೆಲಾಕ್ಸಿಯೊಂದು ಹತ್ತಿರ ಹಾದುಹೋದದ್ದರಿಂದಲೋ ಎರಡು ಗೆಲಾಕ್ಸಿಗಳು ಒಂದಕ್ಕೊಂದು ಡಿಕ್ಕಿಯಾದದ್ದರಿಂದಲೋ, ಅನಿಲವೆಲ್ಲ ನಡುಭಾಗಕ್ಕೆ ಕುಸಿದು ದಟ್ಟೈಸಿ, ಅಲ್ಲಿ ಅಲ್ಪಕಾಲದಲ್ಲೇ ಅಪಾರ ಸಂಖ್ಯೆಯ ನಕ್ಷತ್ರಗಳು ಹುಟ್ಟುತ್ತವೆ. ಎಂ82ರಲ್ಲಿ ಆಗಿರುವುದು ಇದೇ. ಅದರ ನೆರೆಯ ಎಂ81 ದೊಡ್ಡದು. ಕೆಲವು ಹತ್ತಾರು ಕೋಟಿ ವರ್ಷಗಳ ಹಿಂದೆ ಎರಡೂ ಸಮೀಪಿಸಿದ್ದವು. ಆಗ ಕಿತ್ತುಬಂದ ಜಲಜನಕದ ಸೇತುವೆಯೊಂದು ಅವುಗಳ ನಡುವೆ ಈಗಲೂ ಚಾಚಿಕೊಂಡಿರುವುದು ರೇಡಿಯೋ ದೂರದರ್ಶಕಗಳಿಗೆ ಕಾಣುತ್ತದೆ. ಪರಿಣಾಮವಾಗಿ, ಗಾತ್ರದಲ್ಲಿ ಆಕಾಶಗಂಗೆಗಿಂತ ಎಷ್ಟೋ ಚಿಕ್ಕದಾದ ಎಂ82ರಲ್ಲಿ ನಕ್ಷತ್ರಗಳು ಇಡೀ ಆಕಾಶಗಂಗೆಗಿಂತ ಸುಮಾರು 10 ಪಟ್ಟು ವೇಗವಾಗಿ ಹುಟ್ಟುತ್ತಿವೆ, ಅದೂ ಬಹುಪಾಲು ಕೆಲವೇ ಸಾವಿರ ಜ್ಯೋತಿರ್ವರ್ಷ ಅಗಲದ ನಡುಭಾಗದಲ್ಲಿ.

ಕನ್ನಡದಲ್ಲಿ ಇದಕ್ಕೆ ‘ತಾರಾಸುಗ್ಗಿ’ ಎಂಬ ಮಾತು ಒಗ್ಗಬಹುದೆಂದು ನನ್ನ ಸೂಚನೆ. ಸುಗ್ಗಿ ವರ್ಷವಿಡೀ ಇರುವುದಲ್ಲ. ಅದು ಬಂದು ಮುಗಿಯುತ್ತದೆ, ಮುಗಿದ ಮೇಲೆ ಹೊಲ ಬರಿದಾಗುತ್ತದೆ. ಈ ಗೆಲಾಕ್ಸಿಗಳ ಪರಿಯೂ ಹಾಗೆಯೇ. ಈಗಿನ ವೇಗದಲ್ಲಿ ನಕ್ಷತ್ರಗಳನ್ನು ರೂಪಿಸುತ್ತ ಹೋದರೆ ಅವುಗಳ ಅನಿಲದ ಸಂಗ್ರಹ ಬಹುಕಾಲ ಬಾಳದು. ಇದಕ್ಕಿಂತ ಒಳ್ಳೆಯ ಪದವಿದ್ದರೆ ಸಂತೋಷದಿಂದ ಒಪ್ಪುತ್ತೇನೆ. ‘ನಕ್ಷತ್ರಸ್ಫೋಟ’ ಎಂಬುದು ಮಾತ್ರ ಸೂಪರ್ನೋವಾಕ್ಕೆ, ಅಂದರೆ ನಕ್ಷತ್ರವೊಂದು ನಿಜವಾಗಿಯೂ ಸಿಡಿದು ಸಾಯುವುದಕ್ಕೆ, ಮೀಸಲಾಗಿರಲಿ.

ಎಂ82 ಸ್ಫೋಟಿಸುತ್ತಿದೆ ಎಂದು ನಂಬಿದವರಲ್ಲಿ ದೊಡ್ಡ ಖಗೋಳವಿಜ್ಞಾನಿಗಳೂ ಇದ್ದರೆಂಬುದನ್ನು ಇಲ್ಲಿ ಹೇಳುವುದು ನ್ಯಾಯ. 1963ರಲ್ಲಿ ರೋಜರ್ ಲಿಂಡ್ಸ್ ಮತ್ತು ಅಲನ್ ಸ್ಯಾಂಡೇಜ್, ಈ ಗೆಲಾಕ್ಸಿಯ ತಟ್ಟೆಗೆ ಲಂಬವಾಗಿ ಎರಡೂ ಕಡೆ ಹರಡಿರುವ ಜಲಜನಕದ ಎಳೆಗಳನ್ನು ಅಳೆದು, ಅವು ಸೆಕೆಂಡಿಗೆ ಸಾವಿರ ಕಿಲೋಮೀಟರಿನವರೆಗಿನ ವೇಗದಲ್ಲಿ ಹೊರಕ್ಕೆ ಧಾವಿಸುತ್ತಿವೆಯೆಂದೂ, ಸುಮಾರು 15 ಲಕ್ಷ ವರ್ಷಗಳ ಹಿಂದೆ ಅದರ ನಡುವೆ ಒಂದೇ ಮಹಾಸ್ಫೋಟ ಸಂಭವಿಸಿರಬೇಕೆಂದೂ ವಾದಿಸಿದರು. ದೃಗ್ಗೋಚರ ಬೆಳಕಿನಲ್ಲಿ ಸಿಕ್ಕ ಸಾಕ್ಷ್ಯದಿಂದ ಹಾಗೆ ತೀರ್ಮಾನಿಸಿದ್ದು ಅಸಹಜವಾಗಿರಲಿಲ್ಲ. ಅವರು ಕಂಡದ್ದು ಎಳೆಗಳನ್ನು. ಎಳೆಗಳನ್ನು ತಳ್ಳುತ್ತಿದ್ದ ವಸ್ತು ಅವರ ಕಣ್ಣಿಗೆ ಬೀಳುವಂಥದ್ದೇ ಆಗಿರಲಿಲ್ಲ. ಅದು ದಶಲಕ್ಷಗಟ್ಟಲೆ ಡಿಗ್ರಿ ಬಿಸಿಯಾದ ವಿರಳ ಅನಿಲ. ಅಷ್ಟು ಬಿಸಿಯಾದ ಅನಿಲ ತನ್ನ ಬೆಳಕನ್ನು ಬಹುತೇಕ ಕ್ಷ-ಕಿರಣಗಳಾಗಿಯೇ ಸೂಸುತ್ತದೆ, ಮತ್ತು ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ಭೂಮಿಯ ವಾಯುಮಂಡಲ ಮೇಲೆಯೇ ಹೀರಿಬಿಡುತ್ತದೆ. ಎಷ್ಟು ಎತ್ತರದ ಬೆಟ್ಟದ ಮೇಲೆ ಎಷ್ಟು ದೊಡ್ಡ ಕನ್ನಡಿಯನ್ನು ಇರಿಸಿದರೂ ಈ ಅನಿಲ ಕಾಣಲಾರದು. ಅದಕ್ಕಾಗಿ ವಾಯುಮಂಡಲವನ್ನು ದಾಟಲೇಬೇಕು.

1962ರ ಜೂನ್‌ನಲ್ಲಿ ರಿಕಾರ್ಡೊ ಜಕೋನಿ ಮತ್ತು ಸಂಗಡಿಗರು ಹಾರಿಸಿದ ರಾಕೆಟ್ಟು ಕೆಲವೇ ನಿಮಿಷ ವಾಯುಮಂಡಲದ ಆಚೆಗಿದ್ದು, ಸೌರಮಂಡಲದ ಹೊರಗಿನ ಮೊದಲ ಕ್ಷ-ಕಿರಣ ಆಕರವನ್ನು ಪತ್ತೆಹಚ್ಚಿತು. ಅಲ್ಲಿಂದ 16 ವರ್ಷಗಳ ಬಳಿಕ, 1978ರ ನವೆಂಬರ್‌ನಲ್ಲಿ ಕಕ್ಷೆ ಸೇರಿದ ಐನ್‌ಸ್ಟೈನ್ ವೀಕ್ಷಣಾಲಯವು ದೂರದ ಆಕಾಶಕಾಯಗಳ ಕ್ಷ-ಕಿರಣ ಚಿತ್ರಗಳನ್ನು ತೆಗೆಯಬಲ್ಲ ಮೊದಲ ಉಪಗ್ರಹ. ಎಂ82ರ ಕಡೆಗೆ ಅದು ನೋಡಿದಾಗ, ಬಿಸಿ ಅನಿಲವು ಗೆಲಾಕ್ಸಿಯ ತಟ್ಟೆಯಿಂದ ಆಚೆಗೂ ಚಾಚಿಕೊಂಡಿರುವುದು ಕಂಡಿತು. ಆ ಫಲಿತಾಂಶ 1984ರಲ್ಲಿ ಪ್ರಕಟವಾಯಿತು. ಮರುವರ್ಷವೇ ರೋಜರ್ ಶೆವಲಿಯರ್ ಮತ್ತು ಆಂಡ್ರ್ಯೂ ಕ್ಲೆಗ್, ಇಂಥ ಗೆಲಾಕ್ಸಿಯ ನಡುವೆ ಬಿಸಿಗಾಳಿ ಹೇಗೆ ಹುಟ್ಟಬಹುದೆಂಬುದನ್ನು ಸರಳವಾದ ಗಣಿತದಲ್ಲಿ ತೋರಿಸಿದರು. ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ತೂಕದ ನಕ್ಷತ್ರಗಳು ನಾಲ್ಕೈದು ಕೋಟಿ ವರ್ಷಗಳ ಒಳಗೇ ಸೂಪರ್ನೋವಾಗಳಾಗಿ ಸಿಡಿಯುತ್ತವೆ. ಎಂ82ರಲ್ಲಿ ಇಂಥ ಸಾವು ಸುಮಾರು ಹತ್ತು ವರ್ಷಕ್ಕೊಮ್ಮೆ ಸಂಭವಿಸುತ್ತದೆಂಬುದು ಅಂದಾಜು. ಒಂದು ಸೂಪರ್ನೋವಾ ಹೊರಗೆಸೆದ ಅನಿಲ ತಣ್ಣಗಾಗುವ ಮೊದಲೇ ಪಕ್ಕದಲ್ಲಿ ಇನ್ನೊಂದು ಸಿಡಿದು, ಎರಡರ ಅನಿಲವೂ ಡಿಕ್ಕಿಯಾಗಿ ಬಿಸಿಯಾಗಿ, ಒತ್ತಡ ಏರಿ, ದಾರಿ ಸುಲಭವಾಗಿರುವ ಕಡೆಗೆ, ಅಂದರೆ ತೆಳುವಾದ ತಟ್ಟೆಯ ಮೇಲಕ್ಕೂ ಕೆಳಕ್ಕೂ, ಆ ಗಾಳಿ ನುಗ್ಗುತ್ತದೆ. ಒಂದೇ ಒಂದು ಮಹಾಸ್ಫೋಟದ ಅಗತ್ಯ ಅಲ್ಲಿಗೆ ತಪ್ಪಿತು. ಹುಟ್ಟಿನ ಭರಾಟೆಯೇ ಗಾಳಿಗೆ ಮೂಲವಾಯಿತು.

1999 ಈ ವಿಷಯದಲ್ಲಿ ದೊಡ್ಡ ವರ್ಷ. ಆ ಜುಲೈಯಲ್ಲಿ ಕೊಲಂಬಿಯಾ ನೌಕೆ ‘ಚಂದ್ರ’ ವೀಕ್ಷಣಾಲಯವನ್ನು, ಅಂದರೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ನಾಸಾದ ಕ್ಷ-ಕಿರಣ ದೂರದರ್ಶಕವನ್ನು, ಹೊತ್ತೊಯ್ದಿತು. ಡಿಸೆಂಬರ್‌ನಲ್ಲಿ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಹಾರಿತು. ಕ್ಷ-ಕಿರಣಗಳು ಕನ್ನಡಿಗೆ ನೇರವಾಗಿ ಬಡಿದರೆ ಅದರೊಳಗೆ ಹೊಕ್ಕು ಕಳೆದುಹೋಗುತ್ತವೆ. ಮೇಲ್ಮೈಯನ್ನು ಸವರಿದಂತೆ ಅತಿ ಓರೆಯಾಗಿ ಬಂದರೆ ಮಾತ್ರ ಪ್ರತಿಫಲಿಸುತ್ತವೆ. ಆದ್ದರಿಂದ ಚಂದ್ರದ ಕನ್ನಡಿಗಳು ಬೋಗುಣಿಯಂತಿಲ್ಲ. ಒಂದರೊಳಗೊಂದು ಕೂತ ನಾಲ್ಕು ಜೋಡಿ ಕೊಳವೆಗಳಂತಿವೆ, ಒಳಮೈಗೆ ಇರಿಡಿಯಂ ಲೇಪನವಿದೆ. ಅವುಗಳ ಮೇಲ್ಮೈ ಎಷ್ಟು ನಯವೆಂದರೆ ಆಕಾಶದಲ್ಲಿ ಸುಮಾರು ಅರ್ಧ ಆರ್ಕ್ ಸೆಕೆಂಡು, ಅಂದರೆ ಒಂದು ಡಿಗ್ರಿಯ ಏಳು ಸಾವಿರದ ಒಂದು ಭಾಗದಷ್ಟು ಹತ್ತಿರವಿರುವ ಎರಡು ಬಿಂದುಗಳನ್ನೂ ಬೇರೆಬೇರೆಯಾಗಿ ತೋರಿಸುತ್ತವೆ. ತಾರಾಸುಗ್ಗಿಯ ಗೆಲಾಕ್ಸಿಗಳಿಗೆ ಈ ತೀಕ್ಷ್ಣತೆ ಏಕೆ ಬೇಕೆಂಬುದನ್ನು ತುಸು ವಿವರವಾಗಿ ಹೇಳಬೇಕು.

ಎಂ82ರ ನಡುಭಾಗದಿಂದ ಬರುವ ಕ್ಷ-ಕಿರಣಗಳಲ್ಲಿ ಎರಡು ಬಗೆಯವು ಬೆರೆತಿವೆ. ಒಂದು, ಹರಡಿಕೊಂಡ ಬಿಸಿ ಅನಿಲದ್ದು. ಇನ್ನೊಂದು, ಬಿಂದುಗಳಂತೆ ಬೆಳಗುವ ಜೋಡಿ ನಕ್ಷತ್ರಗಳದ್ದು. ಅಲ್ಲಿ ಒಂದು ನಕ್ಷತ್ರ ಸತ್ತು ಕಪ್ಪುಕುಳಿಯೋ ನ್ಯೂಟ್ರಾನ್ ನಕ್ಷತ್ರವೋ ಆಗಿ, ಇನ್ನೂ ಬದುಕಿರುವ ಸಂಗಾತಿಯ ಅನಿಲವನ್ನು ಎಳೆದುಕೊಳ್ಳುತ್ತಿರುತ್ತದೆ. ಮಸುಕಾದ ಚಿತ್ರದಲ್ಲಿ ಇವೆರಡೂ ಕಲಸಿಹೋಗುತ್ತವೆ. ಆಗ ಬಿಂದುಗಳ ಬೆಳಕನ್ನೂ ಅನಿಲದ ಲೆಕ್ಕಕ್ಕೆ ಸೇರಿಸಿ, ಗಾಳಿ ಇರುವುದಕ್ಕಿಂತ ಬಿಸಿಯಾಗಿದೆಯೆಂದು ನಾವು ತಪ್ಪಾಗಿ ಓದಬಹುದು. ಚಂದ್ರದ ಚಿತ್ರದಲ್ಲಾದರೆ ಬಿಂದುಗಳನ್ನು ಒಂದೊಂದಾಗಿ ಗುರುತಿಸಿ ತೆಗೆದುಹಾಕಿ, ಉಳಿದ ಅನಿಲವನ್ನಷ್ಟೇ ಅಳೆಯಲು ಸಾಧ್ಯ. ಹಾಗೆ ಮಾಡಿದಾಗ ಡೇವಿಡ್ ಸ್ಟ್ರಿಕ್‌ಲ್ಯಾಂಡ್ ಮತ್ತು ಟಿಮೊತಿ ಹೆಕ್‌ಮನ್ ಅವರಿಗೆ ಕಂಡದ್ದು, ಗೆಲಾಕ್ಸಿಯ ನಡುಭಾಗದಿಂದ ಬರುತ್ತಿದ್ದ ಕಬ್ಬಿಣದ ಒಂದು ರೋಹಿತ ರೇಖೆ (ಧಾತುವೊಂದು ನಿಶ್ಚಿತ ಶಕ್ತಿಯಲ್ಲಿ ಸೂಸುವ ಬೆಳಕು), 6.7 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ. 26 ಎಲೆಕ್ಟ್ರಾನುಗಳಿರುವ ಕಬ್ಬಿಣದ ಪರಮಾಣುವಿನಲ್ಲಿ 24 ಕಿತ್ತುಹೋಗಿ ಎರಡೇ ಉಳಿದಾಗ ಬರುವ ರೇಖೆ ಅದು. ಕೋಟಿಗಟ್ಟಲೆ ಡಿಗ್ರಿ ಬಿಸಿಯಿಲ್ಲದೆ ಕಬ್ಬಿಣ ಆ ಸ್ಥಿತಿಗೆ ಬರುವುದಿಲ್ಲ. ಅವರ ಲೆಕ್ಕದಲ್ಲಿ ನಡುವಿನ ಅನಿಲದ ಉಷ್ಣತೆ 3 ಕೋಟಿಯಿಂದ 8 ಕೋಟಿ ಡಿಗ್ರಿ. ಅಷ್ಟು ಬಿಸಿಯಾದ ಅನಿಲ ತಡೆಯಿಲ್ಲದೆ ಹೊರಕ್ಕೆ ಹರಿದರೆ ಸೆಕೆಂಡಿಗೆ ಸುಮಾರು 1,400ರಿಂದ 2,200 ಕಿಲೋಮೀಟರ್ ವೇಗವನ್ನು ಮುಟ್ಟಬೇಕು. ಶೆವಲಿಯರ್ ಮತ್ತು ಕ್ಲೆಗ್ ಕಾಗದದ ಮೇಲೆ ಕಂಡ ಗಾಳಿಯ ಬುಡ ಇದೇ.

ತಟ್ಟೆಯಿಂದ ಮೇಲೆ, ತಮ್ಮ ಚಿತ್ರದಲ್ಲಿ ನೀಲಿಯಾಗಿ ಕಂಡ ವಿಸ್ತಾರವಾದ ಭಾಗದಲ್ಲಿ, ಉಷ್ಣತೆ ಅದಕ್ಕಿಂತ ಕಡಿಮೆ; ಕೆಲವು ದಶಲಕ್ಷ ಡಿಗ್ರಿಯಷ್ಟೇ. ಅದು ಮೂಲ ಗಾಳಿಯೇ ಎಂದುಕೊಳ್ಳುವುದು ಸಹಜವಾದರೂ, ಅದರ ಬಹುಪಾಲು ಗಾಳಿಯು ದಾರಿಯಲ್ಲಿ ಸಿಕ್ಕ ತಣ್ಣನೆಯ ಮೋಡಗಳಿಗೆ ಅಪ್ಪಳಿಸಿ ಅವುಗಳ ಅಂಚನ್ನು ಬಿಸಿಮಾಡಿದ್ದರಿಂದ ಹೊಳೆಯುವ ಅನಿಲವೆಂಬುದು ಸಂಶೋಧಕರ ಅಭಿಪ್ರಾಯ. ಕ್ಷ-ಕಿರಣದ ಹೊಳಪು ಮತ್ತು ಜಲಜನಕದ ಎಳೆಗಳು ಅಕ್ಕಪಕ್ಕದಲ್ಲೇ ಕಾಣುವುದು ಇದರಿಂದಲೇ. ಇಷ್ಟೇ ಅಲ್ಲ, ಗೆಲಾಕ್ಸಿಯಿಂದ 35 ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿ, ಉತ್ತರ ದಿಕ್ಕಿನಲ್ಲಿ, ಟೋಪಿಯ ಆಕಾರದ ಮಂದವಾದ ಹೊಳಪೊಂದಿದೆ. 1990ರಲ್ಲಿ ಹಾರಿದ ರೋಸಾಟ್ ಉಪಗ್ರಹದ ಚಿತ್ರಗಳಲ್ಲಿ ಅದು ಕಂಡುಬಂತು. ಗಾಳಿ ಅಷ್ಟು ದೂರ ಸಾಗಿ, ಅಲ್ಲಿದ್ದ ಮೋಡವೊಂದಕ್ಕೆ ತಾಗಿರುವ ಗುರುತು ಅದು. ಈ ಗಾಳಿ ತನ್ನೊಂದಿಗೆ ಧೂಳನ್ನೂ ತಣ್ಣನೆಯ ಅನಿಲವನ್ನೂ ಹೊತ್ತೊಯ್ಯುತ್ತದೆ. ಮುಂದೆ ನಕ್ಷತ್ರಗಳಾಗಬೇಕಿದ್ದ ವಸ್ತುವೇ ಹೀಗೆ ಮನೆ ಬಿಟ್ಟು ಹೋಗುತ್ತದೆ. ಗೆಲಾಕ್ಸಿಗಳು ತಮ್ಮ ಅನಿಲವನ್ನೆಲ್ಲ ನಕ್ಷತ್ರಗಳಾಗಿ ಏಕೆ ಮಾರ್ಪಡಿಸಲಿಲ್ಲ, ಗೆಲಾಕ್ಸಿಗಳ ನಡುವಿನ ಬಯಲಿನಲ್ಲಿ ಆಮ್ಲಜನಕ, ಕಬ್ಬಿಣದಂಥ ಧಾತುಗಳು ಎಲ್ಲಿಂದ ಬಂದವು ಎಂಬ ಎರಡು ದೊಡ್ಡ ಪ್ರಶ್ನೆಗಳಿಗೆ ಉತ್ತರದ ಒಂದು ತುದಿ ಈ ನೀಲಿ ಹೊಗೆಯಲ್ಲಿದೆ. ಇದನ್ನು ಓದುಗರಿಗೆ ತಿಳಿಸದೆ ‘ಸುಂದರ ದೃಶ್ಯ’ ಎಂದಷ್ಟೇ ಹೇಳಿ ಮುಗಿಸಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಿಂದುಗಳ ಕಥೆಯೂ ಕಡಿಮೆಯದಲ್ಲ. 2014ರ ಜನವರಿ 21ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವೀಕ್ಷಣಾಲಯದಲ್ಲಿ ಸ್ಟೀವ್ ಫಾಸಿ ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದಾಗ, ಮೋಡ ಮುಚ್ಚಿಕೊಳ್ಳುತ್ತಿದ್ದುದರಿಂದ ಇದ್ದ ಅಲ್ಪ ಸಮಯದಲ್ಲೇ ದೂರದರ್ಶಕವನ್ನು ಎಂ82ರ ಕಡೆ ತಿರುಗಿಸಿದರು. ಅಲ್ಲಿ ಹೊಸದೊಂದು ಸೂಪರ್ನೋವಾ ಇತ್ತು. ಅದು ಶ್ವೇತಕುಬ್ಜವೊಂದು, ಅಂದರೆ ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ದಟ್ಟ ತಿರುಳು, ಸಿಡಿದು ಆದದ್ದು, ಆ ಬಗೆಯವುಗಳಲ್ಲಿ ದಶಕಗಳಲ್ಲೇ ಅತಿ ಸಮೀಪದ್ದು. ಚಂದ್ರ ವೀಕ್ಷಣಾಲಯ ಅತ್ತ ನೋಡಿದಾಗ ಸೂಪರ್ನೋವಾದಿಂದ ಕ್ಷ-ಕಿರಣವೇ ಕಾಣಲಿಲ್ಲ. ಆ ಶೂನ್ಯವೂ ಒಂದು ಅಳತೆಯೇ ಆಯಿತು. ಸುತ್ತಲ ಪರಿಸರ ಬಹುತೇಕ ಖಾಲಿಯಾಗಿತ್ತೆಂದೂ, ಸಾಧಾರಣ ಸಂಗಾತಿ ನಕ್ಷತ್ರವೊಂದು ಅನಿಲ ಸುರಿಸುತ್ತಿದ್ದ ಹಲವು ಸಾಧ್ಯತೆಗಳನ್ನು ಕೈಬಿಡಬಹುದೆಂದೂ ಅದರಿಂದ ತಿಳಿಯಿತು. 2012ರಲ್ಲಿ ಹಾರಿದ್ದ ನುಸ್ಟಾರ್ ಎಂಬ ಕ್ಷ-ಕಿರಣ ದೂರದರ್ಶಕವೂ ಅದೇ ಸೂಪರ್ನೋವಾವನ್ನು ನೋಡಲೆಂದು ವಾರಗಟ್ಟಲೆ ಎಂ82ನ್ನೇ ದಿಟ್ಟಿಸಿತು. ಆ ದತ್ತಾಂಶದಲ್ಲಿ ಮತ್ತೆಯೋ ಬಾಕೆಟ್ಟಿ ಮತ್ತು ಸಂಗಡಿಗರಿಗೆ ಅನಿರೀಕ್ಷಿತವಾಗಿ ಸಿಕ್ಕಿದ್ದು 1.37 ಸೆಕೆಂಡಿಗೊಮ್ಮೆ ಮಿಡಿಯುವ ನಾಡಿ.

ನುಸ್ಟಾರ್‌ನ ದೃಷ್ಟಿಯಲ್ಲಿ ಎಂ82ರ ಎರಡು ಉಜ್ವಲ ಬಿಂದುಗಳು, ಎಕ್ಸ್-1 ಮತ್ತು ಎಕ್ಸ್-2, ಒಂದಾಗಿ ಕಾಣುತ್ತವೆ. ಅವುಗಳ ನಡುವಿನ ಅಂತರ ಬರೀ 5 ಆರ್ಕ್ ಸೆಕೆಂಡು. ಮಿಡಿಯುತ್ತಿರುವುದು ಎಕ್ಸ್-2 ಎಂದು ಗುರುತಿಸಲು ಚಂದ್ರದ ತೀಕ್ಷ್ಣ ಕಣ್ಣೇ ಬೇಕಾಯಿತು. ಅಷ್ಟು ಕ್ರಮಬದ್ಧವಾಗಿ ಮಿಡಿಯಬಲ್ಲದ್ದು ನ್ಯೂಟ್ರಾನ್ ನಕ್ಷತ್ರ ಮಾತ್ರ. ಅಲ್ಲಿಯವರೆಗೆ ಅಷ್ಟು ಬೆಳಗುವ ಬಿಂದುಗಳೆಲ್ಲ ಕಪ್ಪುಕುಳಿಗಳೇ ಆಗಿರಬೇಕೆಂದು ಬಹುತೇಕ ಎಲ್ಲರೂ ಎಣಿಸಿದ್ದರು. ಊರಗಲದ ಈ ಪುಟ್ಟ ಕಾಯ ಸುಮಾರು ಒಂದು ಕೋಟಿ ಸೂರ್ಯರಷ್ಟು ಶಕ್ತಿಯನ್ನು ಸೂಸುತ್ತದೆ, ಅಂದರೆ ಎಡಿಂಗ್ಟನ್ ಮಿತಿಯ ಸುಮಾರು 100 ಪಟ್ಟು. ಬೀಳುತ್ತಿರುವ ಅನಿಲವನ್ನು ಹೊರಬರುವ ಬೆಳಕೇ ತಳ್ಳಿಹಾಕುವಷ್ಟು ಪ್ರಖರತೆ ಬಂದಾಗ ಕಾಯವೊಂದು ಅದಕ್ಕಿಂತ ಹೆಚ್ಚು ಬೆಳಗಲಾರದು ಎಂಬುದು ಆ ಮಿತಿ. 1935ರಲ್ಲಿ ಶ್ವೇತಕುಬ್ಜಗಳ ತೂಕಕ್ಕೆ ಮಿತಿಯಿದೆಯೆಂದು ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮಂಡಿಸಿದಾಗ ಬಹಿರಂಗವಾಗಿ ತಳ್ಳಿಹಾಕಿದವರು ಈ ಮಿತಿಗೆ ಹೆಸರು ಕೊಟ್ಟ ಬ್ರಿಟಿಷ್ ಖಗೋಳವಿಜ್ಞಾನಿ ಎಡಿಂಗ್ಟನ್ ಅವರೇ. ಚಂದ್ರಶೇಖರ್ ಅವರ ಹೆಸರು ಹೊತ್ತ ದೂರದರ್ಶಕವು ಎಡಿಂಗ್ಟನ್ ಹೆಸರಿನ ಮಿತಿಯನ್ನು ಮೀರಿದ ನಕ್ಷತ್ರವನ್ನು ಗುರುತಿಸಲು ನೆರವಾಯಿತೆಂಬುದು ಆ ಹಳೆಯ ವಾದಕ್ಕೆ ತೀರ್ಪೇನೂ ಅಲ್ಲ, ಎರಡೂ ಬೇರೆ ಬೇರೆ ಮಿತಿಗಳು. ಆದರೂ ಈ ಸಂಗತಿ ನೆನಪಾದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಇನ್ನು ಬಣ್ಣಗಳ ಮಾತು. ತಾವು ಮುದ್ರಿಸಿದ್ದು ಮೂರು ದೂರದರ್ಶಕಗಳ ಚಿತ್ರಗಳನ್ನು ಹೊಂದಿಸಿ 2006ರಲ್ಲಿ ಬಿಡುಗಡೆ ಮಾಡಿದ ಚಿತ್ರ. ಅದರಲ್ಲಿ ನೀಲಿಯೆಂದರೆ ಚಂದ್ರ ಕಂಡ ಕ್ಷ-ಕಿರಣ; ಕೆಂಪೆಂದರೆ ಸ್ಪಿಟ್ಜರ್ ಕಂಡ ಅವಕೆಂಪು, ಅಂದರೆ ಬೆಚ್ಚಗಿನ ಧೂಳು; ಕಿತ್ತಳೆ ಮತ್ತು ಹಳದಿ-ಹಸಿರು ಹಬಲ್ ಕಂಡ ಜಲಜನಕ ಮತ್ತು ನಕ್ಷತ್ರಗಳ ಬೆಳಕು. ನನ್ನ ಸಣ್ಣ ದೂರದರ್ಶಕದಲ್ಲಿ ಸಪ್ತರ್ಷಿ ಮಂಡಲದ ಕಡೆ ಎಂ82ನ್ನು ಹುಡುಕಿದಾಗಲೆಲ್ಲ ಕಂಡದ್ದು ಬೂದುಬಣ್ಣದ ಒಂದು ಗೀರು ಮಾತ್ರ. ಚಿತ್ರದ ಬಣ್ಣಗಳನ್ನು ಕೃತಕವೆಂದು ತಳ್ಳಿಹಾಕುವುದು ಸರಿಯಲ್ಲ, ನಿಜವಾದ ಬಣ್ಣವೆಂದು ನಂಬುವುದೂ ಸರಿಯಲ್ಲ. ಚಂದ್ರದ ಸಂವೇದಕ ಒಂದೊಂದು ಫೋಟಾನು ಬಂದಾಗಲೂ ಅದು ಬಂದ ಜಾಗ, ಸಮಯ ಮತ್ತು ಶಕ್ತಿಯನ್ನು ಬರೆದಿಡುತ್ತದೆ. ಆ ಲೆಕ್ಕದ ಪುಸ್ತಕಕ್ಕೆ ಬಣ್ಣ ಬಳಿದಾಗ ಚಿತ್ರವಾಗುತ್ತದೆ. ಯಾವ ಬಣ್ಣ ಏನನ್ನು ಸೂಚಿಸುತ್ತದೆಂದು ಹೇಳದೆ ಮುದ್ರಿಸಿದರೆ, ಗುರುತುಗಳ ವಿವರಣೆಯಿಲ್ಲದ ಭೂಪಟವನ್ನು ಕೊಟ್ಟಂತೆ.

ಕೊನೆಯದಾಗಿ, ಚಿತ್ರದೊಂದಿಗೆ ಬರಬೇಕಿದ್ದ ಒಂದು ಸುದ್ದಿ. ಚಂದ್ರಕ್ಕೆ ವಯಸ್ಸಾಗಿದೆ. ಅದರ ಸಂವೇದಕದ ಮುಂದಿನ ತೆಳುಪೊರೆಯ ಮೇಲೆ ವರ್ಷಗಳಿಂದ ಕೊಳೆ ಕೂತು, ಕಡಿಮೆ ಶಕ್ತಿಯ ಕ್ಷ-ಕಿರಣಗಳಿಗೆ ಅದರ ದೃಷ್ಟಿ ಮಂದವಾಗಿದೆ. ಬಿಸಿಗಾಳಿಯ ಬಹುಪಾಲು ಹೊಳಪು ಬರುವುದು ಆ ಶಕ್ತಿಗಳಲ್ಲೇ. 2024ರ ಮಾರ್ಚ್‌ನಲ್ಲಿ ಅದರ ವಾರ್ಷಿಕ ಅನುದಾನವನ್ನು ಸುಮಾರು 6.8 ಕೋಟಿ ಡಾಲರಿನಿಂದ ಸುಮಾರು 4.1 ಕೋಟಿಗೆ ಇಳಿಸುವ ಪ್ರಸ್ತಾವ ಬಂದಾಗ ಜಗತ್ತಿನ ಖಗೋಳವಿಜ್ಞಾನಿಗಳು ಒಟ್ಟಾಗಿ ದನಿಯೆತ್ತಿದರು. ಹೊಸ ದೂರದರ್ಶಕಗಳು ಬಂದಿಲ್ಲವೆಂದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಜಪಾನಿನಿಂದ ಹಾರಿದ ಎಕ್ಸ್‌ರಿಸಂ, ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟೇ ಮೇಲಿರುವ ಉಷ್ಣತೆಯಲ್ಲಿ ಕೆಲಸ ಮಾಡುತ್ತ, ಒಂದೊಂದು ಫೋಟಾನಿನ ಶಕ್ತಿಯನ್ನೂ ಸುಮಾರು 5 ಎಲೆಕ್ಟ್ರಾನ್ ವೋಲ್ಟಿನ ನಿಖರತೆಯಲ್ಲಿ ಅಳೆಯುತ್ತದೆ. ಕಬ್ಬಿಣದ ರೇಖೆ ಎಷ್ಟು ಅಗಲವಾಗಿದೆಯೆಂದು ನೋಡಿ ಅನಿಲದ ವೇಗವನ್ನು ನೇರವಾಗಿ ಓದಬಲ್ಲ ಉಪಕರಣ ಅದು; ಉಷ್ಣತೆಯಿಂದ ವೇಗವನ್ನು ಊಹಿಸುವ ಪಾಡು ಅದಕ್ಕಿಲ್ಲ. ಆದರೆ ಅದರ ಸಂವೇದಕದ ಮುಂದಿನ ಬಾಗಿಲು ತೆರೆದುಕೊಳ್ಳದ್ದರಿಂದ ಕಡಿಮೆ ಶಕ್ತಿಯ ಕಿರಣಗಳು, ಅಂದರೆ ಆಮ್ಲಜನಕ ಮತ್ತು ನಿಯಾನ್‌ಗಳ ರೇಖೆಗಳು, ಅದಕ್ಕೆ ತಲುಪುತ್ತಿಲ್ಲ. ಅದರ ಚಿತ್ರದಲ್ಲಿ ಎಕ್ಸ್-1 ಮತ್ತು ಎಕ್ಸ್-2 ಬೇರೆಯಾಗುವ ಮಾತೂ ಇಲ್ಲ, ಇಡೀ ನಡುಭಾಗವೇ ಒಂದು ಚುಕ್ಕೆ. ಒಂದು ದೂರದರ್ಶಕ ವೇಗವನ್ನು ಓದುತ್ತದೆ, ಇನ್ನೊಂದು ಜಾಗವನ್ನು ತೋರಿಸುತ್ತದೆ; ಅರ್ಧ ಆರ್ಕ್ ಸೆಕೆಂಡಿನ ಕಣ್ಣು ಚಂದ್ರದ ಹೊರತು ಇನ್ನಾವ ಕ್ಷ-ಕಿರಣ ದೂರದರ್ಶಕಕ್ಕೂ ಇಲ್ಲ. ಅದಕ್ಕೆ ಸಮೀಪದ ತೀಕ್ಷ್ಣತೆಯನ್ನು ಗುರಿಯಾಗಿಟ್ಟುಕೊಂಡ ಆಕ್ಸಿಸ್ ಎಂಬ ಯೋಜನೆಯನ್ನು ನಾಸಾ 2024ರ ಅಕ್ಟೋಬರ್‌ನಲ್ಲಿ ಮುಂದಿನ ಹಂತದ ಅಧ್ಯಯನಕ್ಕೆ ಆಯ್ದ ಎರಡು ಯೋಜನೆಗಳಲ್ಲಿ ಒಂದಾಗಿಸಿತು. ಆಗಿನ ಎಣಿಕೆಯಂತೆ ಹಾರಾಟ 2032ಕ್ಕೆ. ನಡುವಿನ ವರ್ಷಗಳಲ್ಲಿ ಚಂದ್ರ ನಿಂತುಹೋದರೆ ಎಂ82ರ ಮುಂದಿನ ಸೂಪರ್ನೋವಾವನ್ನು ಬಿಂದುವಾಗಿ ಬೇರ್ಪಡಿಸಿ ನೋಡುವವರು ಇರುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಎಂಬ ಲೆಕ್ಕ ಇಲ್ಲಿ ಬರೀ ಅಂಕಿಯಲ್ಲ. ಇಂಥ ಬೆಳವಣಿಗೆಗಳನ್ನೂ ತಮ್ಮ ವಿಜ್ಞಾನ ಪುಟ ಹಿಂಬಾಲಿಸಿ ವರದಿ ಮಾಡಬೇಕೆಂದು ಕೋರುತ್ತೇನೆ.

ಅದೇ ಚಿತ್ರವನ್ನು ಮತ್ತೊಮ್ಮೆ ಬಳಸುವ ಸಂದರ್ಭ ಬಂದರೆ, ಅಡಿಬರಹವಾಗಿ ಈ ಸಾಲುಗಳನ್ನು ಪರಿಶೀಲಿಸಬೇಕೆಂದು ವಿನಂತಿ: ‘ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎಂ82. ಇಲ್ಲಿ ನಕ್ಷತ್ರಗಳು ಆಕಾಶಗಂಗೆಗಿಂತ ಸುಮಾರು 10 ಪಟ್ಟು ವೇಗವಾಗಿ ಹುಟ್ಟುತ್ತಿವೆ. ನೀಲಿ: ದಶಲಕ್ಷಗಟ್ಟಲೆ ಡಿಗ್ರಿ ಬಿಸಿಯಾದ ಅನಿಲದ ಕ್ಷ-ಕಿರಣ (ಚಂದ್ರ). ಕೆಂಪು: ಧೂಳಿನ ಅವಕೆಂಪು ಬೆಳಕು (ಸ್ಪಿಟ್ಜರ್). ಕಿತ್ತಳೆ, ಹಳದಿ-ಹಸಿರು: ಜಲಜನಕ ಮತ್ತು ನಕ್ಷತ್ರಗಳು (ಹಬಲ್).’

ಇತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಆಕಾಶವೀಕ್ಷಕ